ದೀಪಾಲಂಕಾರದ ಜಾಯಿಂಟುಗಳು

ಮೈಸೂರು ದಸರಾದ ದೀಪಾಲಂಕಾರದ ಬಗ್ಗೆ ಬರೆಯುವವರು ಪ್ರತಿವರ್ಷ ಲೆಕ್ಕದಿಂದಲೇ ಶುರು ಮಾಡುತ್ತಾರೆ. ಎಷ್ಟು ಕಿಲೋಮೀಟರ್ ರಸ್ತೆ, ಎಷ್ಟು ವೃತ್ತ, ಎಷ್ಟು ಬಲ್ಬು. ಈ ಹೊಗಳಿಕೆ ಅತಿಯಾಯಿತು. ಅರಮನೆಯೊಂದನ್ನು ಬಿಟ್ಟು ಈ ಮಾತು ಹೇಳುತ್ತಿದ್ದೇನೆ.

1912ರಲ್ಲಿ ಮುಗಿದ, ಹೆನ್ರಿ ಇರ್ವಿನ್ ವಿನ್ಯಾಸದ ಆ ಕಟ್ಟಡದಲ್ಲಿ ಲಕ್ಷಕ್ಕೆ ಹತ್ತಿರದ ಬಲ್ಬುಗಳು ಕಮಾನಿನ ಅಂಚು, ಗುಮ್ಮಟದ ಬಾಗು ಹಿಡಿದು ಕೂತಿವೆ. ಸ್ವಿಚ್ ಹಾಕಿದೊಡನೆ ಕಲ್ಲು ಕರಗಿ ಗೆರೆ ಉಳಿಯುತ್ತದೆ. ಈ ಸೊಬಗೆಲ್ಲ ಹಳೇ ಬಲ್ಬಿನ ಹಳದಿಯದು, ಎಲ್‌ಇಡಿ ಬಂದು ಹಬ್ಬ ಕೆಟ್ಟಿತು ಎಂದು ವಾದಿಸುವ ವಿಮರ್ಶಕರಿದ್ದಾರೆ. ನಾನು ಒಪ್ಪಲಾರೆ. ಅದೇ ಹಳದಿ ಬಲ್ಬನ್ನು ಮರಕ್ಕೆ ಮನಬಂದಂತೆ ಸುತ್ತಿದರೆ ಮರವೂ ಕಾಣದು, ಬೆಳಕೂ ಹಿತವಾಗದು. ಅರಮನೆಯ ಗುಟ್ಟು ಬಣ್ಣದಲ್ಲಿಲ್ಲ, ಜಾಗದಲ್ಲಿದೆ: ಒಂದೊಂದು ಬಲ್ಬಿಗೂ ಅಲ್ಲೇ ಕೂರಬೇಕೆಂಬ ಕಾಯಂ ಹೋಲ್ಡರ್ ಇದೆ. ಹಳದಿಗಾಗಿ ಹಂಬಲಿಸುವವರು ಈ ಶಿಸ್ತನ್ನು ಗಮನಿಸಿಯೇ ಇಲ್ಲ. ಅರಮನೆಯಾಚೆ ಆ ಶಿಸ್ತಿಲ್ಲ: ಸಯ್ಯಾಜಿರಾವ್ ರಸ್ತೆಯಲ್ಲಿ ತಲೆಮೇಲಿನ ಬೆಳಕಿನ ಚಪ್ಪರ ದಟ್ಟವಾದಷ್ಟೂ ಅಕ್ಕಪಕ್ಕದ ಹಳೇ ಕಟ್ಟಡಗಳು ಮರೆಯಾಗುತ್ತವೆ. ಅಪ್ಪನ ಹೆಗಲೇರಿದ ಮಕ್ಕಳಿಗೆ ಅಲ್ಲಿ ಸಿಗುವ ಸಂತೋಷ ನಿಜವಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ.

ಆ ದೀಪಗಳನ್ನೆಲ್ಲ ಕಟ್ಟಿದ ಕೈಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಆ ಕೈಗಳ ಕೆಲಸ ನನಗೆ ಕಂಡದ್ದು ನಮ್ಮ ಮನೆಯಲ್ಲೇ. ದೀಪಾವಳಿಗೆ ಮಹಡಿಯ ಕಬ್ಬಿಣದ ಗ್ರಿಲ್ಲಿಗೆ ನಾನೇ ಹಳೇ ಸೀರಿಯಲ್ ಸೆಟ್‌ಗಳನ್ನು ಕಟ್ಟಿದ್ದೆ. ನಮ್ಮ ಬೀದಿಯ ವೈರ್‌ಮನ್ ನೋಡಿದವರೇ ಮೊದಲು ಪ್ಲಗ್ ಕಿತ್ತರು. ನಡುವೆ ಒಂದು ಬಲ್ಬು ಬಿದ್ದುಹೋಗಿ ಹೋಲ್ಡರ್ ಖಾಲಿಯಿತ್ತು. ಪುಟ್ಟ ಬಲ್ಬು, ಎಷ್ಟು ಕರೆಂಟ್ ಇದ್ದೀತು ಎಂದುಕೊಂಡಿದ್ದೆ. ಸಾಲಿನಲ್ಲಿ ಎಲ್ಲ ಬಲ್ಬು ಉರಿಯುವಾಗ 230 ವೋಲ್ಟ್ ಹಂಚಿಹೋಗುತ್ತದೆ, ಒಂದೊಂದರ ಪಾಲಿಗೆ ಬರುವುದು ಕೆಲವೇ ವೋಲ್ಟ್. ಒಂದು ಕಿತ್ತು ಸಾಲು ಆರಿದರೆ, ಆ ಖಾಲಿ ಹೋಲ್ಡರಿನ ಎರಡು ತುದಿಗಳ ನಡುವೆ ಪೂರ್ತಿ 230 ಬಂದು ನಿಲ್ಲುತ್ತದೆ. ಆರಿದ ಸಾಲನ್ನು ಸತ್ತದ್ದೆಂದು ನಂಬಿ ಬೆರಳಿಡುವುದು ಅಲ್ಲಿಗೇ.

ಆಮೇಲೆ ಜಾಯಿಂಟು. ನಾನು ವೈರ್ ತಿರುಚಿ ಟೇಪ್ ಸುತ್ತಿ ಗ್ರಿಲ್ಲಿನ ಮೇಲೇ ಒರಗಿಸಿದ್ದೆ. ಅವರು ಅದನ್ನು ಕತ್ತರಿಸಿ ಕನೆಕ್ಟರ್ ಹಾಕಿದರು, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ಸಜ್ಜೆಯಡಿ ಕೂರಿಸಿದರು. ಡಬ್ಬಿಗೆ ಬರುವ ವೈರನ್ನು ಒಂದು ಗೇಣು ಕೆಳಗೆ ಜೋತುಬಿಟ್ಟು, ಮತ್ತೆ ಮೇಲಕ್ಕೆ ತಂದು ಒಳಗೆ ತೂರಿಸಿದರು. ಚೆನ್ನಾಗಿ ಕಾಣುವುದಿಲ್ಲ, ಎಳೆದು ಬಿಗಿ ಮಾಡಿ ಎಂದೆ.

“ಸಾರ್, ನೀರು ವೈರ್ ಹಿಡ್ಕೊಂಡೇ ಬರುತ್ತೆ. ಇಲ್ಲಿ ತೊಟ್ಟಿಕ್ಕಿ ಹೋಗ್ಲಿ ಅಂತ ಬಿಟ್ಟಿರೋದು.”

ಆ ರಾತ್ರಿ ಹಿಂಗಾರಿನ ಮಳೆ ಬಂತು. ಜೋತ ವೈರಿನ ತಳದಿಂದ ಹನಿ ಒಂದರ ಹಿಂದೊಂದು ಬೀಳುವುದನ್ನು ಕಿಟಕಿಯಲ್ಲಿ ನಿಂತು ನೋಡಿದೆ. ಡಬ್ಬಿಯ ಬಾಯಿ ಒಣಗಿಯೇ ಇತ್ತು. ಆ ಒಂದು ಗೇಣು ಜೋತ ವೈರನ್ನು ಅರಮನೆಯ ಕಮಾನಿನ ಗೆರೆಯಷ್ಟೇ ಗೌರವದಿಂದ ನೋಡುತ್ತೇನೆ. ಇದು ಬರೀ ಸುರಕ್ಷತೆಯ ಮಾತು, ಸೌಂದರ್ಯಕ್ಕೇನು ಸಂಬಂಧ ಎನ್ನುವವರೊಂದಿಗೆ ನನ್ನ ಜಗಳ ಇರುವುದೂ ಇಲ್ಲೇ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬ ತಿಳಿವಳಿಕೆ ಎರಡಕ್ಕೂ ಒಂದೇ.

ಎಂಸಿಬಿ ಇದೆಯಲ್ಲ ಎಂದದ್ದಕ್ಕೂ ವೈರ್‌ಮನ್ ಸಾಲದೆಂಬಂತೆ ತಲೆಯಾಡಿಸಿದರು. ಲೋಡ್ ಹೆಚ್ಚಾದರೆ, ಶಾರ್ಟ್ ಆದರೆ ಅದು ಬೀಳುತ್ತದೆ. ಮೈಮೇಲೆ ಹರಿದು ಭೂಮಿಗಿಳಿಯುವ ಕರೆಂಟ್ ಅದಕ್ಕೆ ತಿಳಿಯುವುದೇ ಇಲ್ಲ. ಆ ಸೋರಿಕೆಯನ್ನು ಹಿಡಿಯಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು.

ಹೀಗೆ ಕೆಲಸ ಬಲ್ಲವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ವೈರ್‌ಮನ್ ಪರ್ಮಿಟ್ ಇದೆಯೇ ಎಂದು ಕೇಳಲು ಸಂಕೋಚ ಬೇಡ. ನಮ್ಮವರು ಕೇಳುವ ಮೊದಲೇ ತೋರಿಸಿದರು. ನಾವು ಚೌಕಾಸಿ ಮಾಡುವುದು ಮಾತ್ರ ಕಟ್ಟುವ ಕೂಲಿಗೆ, ಬಿಚ್ಚುವ ಕೂಲಿಯ ಮಾತೇ ಎತ್ತುವುದಿಲ್ಲ. ಹಾಗಾಗಿ ಸಂಕ್ರಾಂತಿ ಕಳೆದರೂ ವೈರುಗಳು ಬಿಸಿಲಿಗೆ ಸಿಪ್ಪೆ ಬಿರಿಯುತ್ತಾ ನೇತಾಡುತ್ತವೆ, ಮರುವರ್ಷ ಅದೇ ಸೆಟ್ಟು ಮತ್ತೆ ಮೇಲೇರುತ್ತದೆ. ಬಿಚ್ಚೋದಕ್ಕೆ ಇನ್ನರ್ಧ ದಿನದ ಕೂಲಿ ಎಂದು ಅವರು ಮೊದಲೇ ಹೇಳಿದರು. ಕೊಟ್ಟೆ. ತುಳಸಿ ಹಬ್ಬದ ಮಾರನೇ ದಿನ ಬಂದು, ಒಂದೊಂದು ಹೋಲ್ಡರನ್ನೂ ಬೆಳಕಿಗೆ ಹಿಡಿದು ನೋಡಿ, ಎರಡು ಸೆಟ್ಟು ಪಕ್ಕಕ್ಕೆಸೆದು, ಉಳಿದದ್ದನ್ನು ರಟ್ಟಿಗೆ ಸುತ್ತಿಟ್ಟು ಹೋದರು.