ಕೊಡಲಿ ಮತ್ತು ಕಲ್ಲುಕಂಬ

ಪರಶುರಾಮ ಕೊಡಲಿ ಎಸೆದಾಗ ಕಡಲು ಹಿಂದೆ ಸರಿದು ಕರಾವಳಿ ಹುಟ್ಟಿತೆಂಬ ಕತೆಯಲ್ಲಿ ಭೂವಿಜ್ಞಾನ ಅಡಗಿದೆಯೆಂದು ಓದುವ ರೂಢಿ ನಮ್ಮಲ್ಲಿದೆ. ನನ್ನ ಪಿಎಚ್.ಡಿ. ಪ್ರಬಂಧದ ಮೊದಲ ಕರಡಿನಲ್ಲಿ ನಾನೂ ಹಾಗೆಯೇ ಬರೆದಿದ್ದೆ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಹೇಳುವುದೇ ಬೇರೆ. ಸುಮಾರು 9 ಕೋಟಿ ವರ್ಷಗಳ ಹಿಂದಿನ ಆ ಲಾವಾಶಿಲೆಯ ವಯಸ್ಸು ಮಡಗಾಸ್ಕರ್‌ನ ಜ್ವಾಲಾಮುಖಿ ಶಿಲೆಗಳ ವಯಸ್ಸಿಗೆ ಹೊಂದುತ್ತದೆ. ಅಂಟಿಕೊಂಡಿದ್ದ ಎರಡು ನೆಲಗಳು ಆಗ ಬಿರಿದು, ನಡುವೆ ಕಡಲು ನುಗ್ಗಿತು. ಕತೆಯಲ್ಲಿ ಕಡಲು ನೆಲ ಬಿಟ್ಟುಕೊಡುತ್ತದೆ. ಕಲ್ಲಿನಲ್ಲಿ ನೆಲ ಕಡಲಿಗೆ ದಾರಿ ಬಿಡುತ್ತದೆ. ಒಂದನ್ನು ಇನ್ನೊಂದಕ್ಕೆ ಸಾಕ್ಷಿ ಮಾಡಿದರೆ ಎರಡೂ ಬಡವಾಗುತ್ತವೆ.

ಪಡೆದ ನೆಲವನ್ನು ಪರಶುರಾಮ ಬ್ರಾಹ್ಮಣರಿಗೆ ಕೊಟ್ಟನೆಂಬುದು ಕತೆಯ ಮುಂದಿನ ಭಾಗ. ನೆಲದ ಒಡೆತನ ಯಾರದೆಂಬುದೇ ಅದರ ಚಿಂತೆ. ವಿಜ್ಞಾನವೆಂದು ಹೊಗಳುವ ಭರದಲ್ಲಿ ನಾನು ಓದದೆ ಬಿಟ್ಟದ್ದು ಆ ಭಾಗವನ್ನೇ. ಈಗ ಅಧ್ಯಾಯವನ್ನು ಅಲ್ಲಿಂದ ಮತ್ತೆ ಬರೆಯುತ್ತಿದ್ದೇನೆ.