ತಪ್ಪು ಅಕ್ಷರದ್ದು, ನಗು ಯಾರ ಮೇಲೆ?

'ಶ್ರದ್ಧಾಂಜಲಿ' ಎಂಬ ಪದವನ್ನು ಸರಿಯಾಗಿ ಬರೆದ ಫಲಕವನ್ನು ನಿಮ್ಮ ಊರಿನ ಸರ್ಕಲ್ಲಿನಲ್ಲಿ ನೀವು ಕಡೆಯ ಸಲ ಕಂಡದ್ದು ಯಾವಾಗ? ನಮ್ಮೂರಿನಲ್ಲಂತೂ ಅದು ಬಹುಪಾಲು 'ಶೃದ್ಧಾಂಜಲಿ'ಯೇ. ಹಾರ್ದಿಕ ಶುಭಾಶಯ ಕೋರುವವರು ದಕಾರಕ್ಕೆ ಇಲ್ಲದ ಪ್ರಾಣ ತುಂಬಿ 'ಹಾರ್ಧಿಕ' ಮಾಡುತ್ತಾರೆ. ಶುಭಾಶಯದೊಳಗೆ ಹೊಟ್ಟೆ ಸೀಳಿದ ಷ ಬಂದು ಕೂರುತ್ತದೆ. ಅಧ್ಯಕ್ಷರು ಪ್ರಾಣ ಕಳೆದುಕೊಂಡು 'ಅದ್ಯಕ್ಷ'ರಾಗಿ ವೇದಿಕೆ ಹತ್ತುತ್ತಾರೆ. ಇಪ್ಪತ್ತೆಂಟು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನನಗೆ ಇವೆಲ್ಲ ಅನ್ನದ ತುತ್ತಿನಲ್ಲಿ ಸಿಕ್ಕ ಕಲ್ಲಿನ ಹಾಗೆ. ಆದ್ದರಿಂದ ಮುಂದೆ ಹೇಳಲಿರುವುದನ್ನು, ಕಾಗುಣಿತ ಹೇಗಿದ್ದರೂ ನಡೆಯುತ್ತದೆ ಎನ್ನುವವಳ ಮಾತು ಎಂದು ದಯವಿಟ್ಟು ತಿಳಿಯಬೇಡಿ. ತಪ್ಪು ತಪ್ಪೇ. ನನ್ನ ತಕರಾರಿರುವುದು ತಪ್ಪು ಕಂಡಾಗ ನಾವು, ಅದರಲ್ಲೂ ನಾಲ್ಕಕ್ಷರ ಹೆಚ್ಚು ಕಲಿತ ಹೆಂಗಸರು, ನಗುವ ರೀತಿಯ ಬಗ್ಗೆ.

ಹಿಂದೆ ನಮ್ಮ ಮನೆಗಳ ಹೆಂಗಸರು ಬರೆಯುತ್ತಿದ್ದುದಾದರೂ ಏನು? ಹಾಲಿನವನ ಲೆಕ್ಕ, ದಿನಸಿಯ ಚೀಟಿ, ವರ್ಷಕ್ಕೊಂದೆರಡು ಸಲ ತವರಿಗೆ ಒಂದು ಕಾಗದ. ಅಂಗಡಿಯವನು 'ಬೇಳೆ'ಯನ್ನು 'ಬೆಳೆ' ಎಂದು ಓದಿಕೊಂಡರೂ ತೊಗರಿಬೇಳೆಯನ್ನೇ ಕಟ್ಟಿಕೊಡುತ್ತಿದ್ದ. ತವರಿನಲ್ಲಿ ಕಾಗದ ಓದಿದವರು ಮಗಳು ಕ್ಷೇಮವೇ ಎಂದು ನೋಡುತ್ತಿದ್ದರೇ ಹೊರತು ಅರ್ಕಾವೊತ್ತು ಎಲ್ಲಿದೆ ಎಂದಲ್ಲ. ಈಗ ಪ್ರತಿ ಬೀದಿಗೆ, ಪ್ರತಿ ಮಹಿಳಾ ಸಂಘಕ್ಕೆ, ಪ್ರತಿ ಬಳಗಕ್ಕೆ ಒಂದೊಂದು ವಾಟ್ಸ್‌ಆ್ಯಪ್ ಗುಂಪು. ಜೀವಮಾನದಲ್ಲಿ ಮೊದಲ ಬಾರಿಗೆ ಎಷ್ಟೋ ಹೆಂಗಸರು ನೂರು ಜನರ ಕಣ್ಣೆದುರು ಬರೆಯುತ್ತಿದ್ದಾರೆ.

ಇವರು ಯಾರು ಎಂಬುದನ್ನು ಸ್ವಲ್ಪ ನೆನೆಯಬೇಕು. 1991ರ ಜನಗಣತಿಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ನೂರಕ್ಕೆ 44 ಮಂದಿ. 2011ರ ವೇಳೆಗೆ ಅದು 68ಕ್ಕೆ ಏರಿತು. ಈ ಏರಿಕೆಯನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಸಂಖ್ಯೆಯೊಳಗೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡವಳಿದ್ದಾಳೆ, ಏಳನೆಯದರಲ್ಲಿ ಪಾಸಾಗಿಯೂ ಹೈಸ್ಕೂಲು ದೂರವೆಂದು ಮನೆಯಲ್ಲೇ ಉಳಿದವಳಿದ್ದಾಳೆ. ಅವರ ಕೈಗೆ ಇಷ್ಟು ವರ್ಷಗಳ ಮೇಲೆ ಮತ್ತೆ ಅಕ್ಷರ ಸಿಕ್ಕಿದೆ, ಅದೂ ಬಳಪದಲ್ಲಲ್ಲ, ಗಾಜಿನ ಮೇಲೆ.

ನಮ್ಮ ಬೀದಿಯ ಗುಂಪಿನಲ್ಲಿ ನೀರುಗಂಟಿಯ ಹೆಂಡತಿಯೂ ಇದ್ದಾಳೆ. ಒಂದು ದಿನ ಬೆಳಿಗ್ಗೆ ಆಕೆ ಬರೆದಳು: 'ನಾಳೆ ನಿರು ಬರಲ್ಲ ಹೆಲ್ಲರು ಇವತ್ತೆ ಇಡಿದು ಇಟ್ಟುಕೊಳಿ.' ಐದು ನಿಮಿಷವಾಗಿರಲಿಲ್ಲ, ಒಬ್ಬರು 'ನಿರು ಅಂದರೆ ಯಾವ ಪದಾರ್ಥ?' ಎಂದು ಕೇಳಿದರು. ಇನ್ನೊಬ್ಬರು 'ಇಡಿಯಾಗಿ ಇಡಬೇಕೋ, ಬಿಡಿಯಾಗಿಯೋ?' ಎಂದರು. ಹಲ್ಲುಕಿರಿಯುವ ಹಳದಿ ಮುಖಗಳು ಸಾಲಾಗಿ ಬಂದವು. ಡಿಗ್ರಿ ಮಾಡಿದ ಒಬ್ಬಾಕೆ ಎಲ್ಲಿಂದಲೋ ಕಾಗುಣಿತದ ಪಟವನ್ನೇ ಹುಡುಕಿ ಕಳಿಸಿದರು. ಅಂದು ಸಂಜೆ ಇವರೆಲ್ಲರ ಮನೆಯ ಡ್ರಮ್ಮು, ಕೊಡ, ಬಕೆಟ್ಟುಗಳು ತುಂಬಿದ್ದವು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆ ಏಪ್ರಿಲ್‌ನಲ್ಲಿ ಪಂಪ್‌ಹೌಸಿನ ಮೋಟಾರು ಸುಟ್ಟು ಮೂರು ದಿನ ನೀರಿಲ್ಲ. ಮುನ್ಸೂಚನೆಯೂ ಇಲ್ಲ. ಬೀದಿಯ ತುದಿಯಲ್ಲಿ ಸಿಕ್ಕಾಗ, "ಯಾಕಮ್ಮ, ಈ ಸಲ ತಿಳಿಸಲೇ ಇಲ್ಲವಲ್ಲ?" ಎಂದೆ. "ಬುಡಿ ಟೀಚರಮ್ಮ, ನಾನು ಬರುದ್ರೆ ಎಲ್ರೂ ನಗಾಡ್ತಾರೆ. ಮಗಳು ಫೋನ್ ನೋಡ್ತಾಳೆ, ಅವ್ಳಿಗೂ ಒಂಥರಾ ಆಯ್ತದೆ" ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಮಗಳು ಹೈಸ್ಕೂಲಿನ ಹುಡುಗಿ. ಅಮ್ಮನನ್ನು ಊರವರು ನಕ್ಕದ್ದನ್ನು ಓದಬಲ್ಲಷ್ಟು ಕನ್ನಡ ಅವಳಿಗೆ ಬರುತ್ತದೆ.

ನಕ್ಕವರು ಕೆಟ್ಟವರಲ್ಲ. ಭಾಷೆಯ ಮೇಲಿನ ಪ್ರೀತಿಯಿಂದ ಹೇಳಿದೆವು ಎನ್ನುತ್ತಾರೆ. ಈ ಪ್ರೀತಿಯನ್ನು ನಾನು ಕೊಂಚ ಕೆದಕಿ ನೋಡಿದ್ದೇನೆ. ಅದೇ ಗುಂಪಿನಲ್ಲಿ ಇಂಗ್ಲಿಷ್ ಮೀಡಿಯಂ ಓದುವ ಮೊಮ್ಮಗ 'ಅಜಿಗೆ ಹುಟುಹಬದ ಶುಬಶಯ' ಎಂದು ಬರೆದ ಚೀಟಿಯ ಚಿತ್ರ ಬಂದಾಗ ಎಲ್ಲರೂ ಮುದ್ದುಗರೆದರು. 'ನಮ್ಮ ಹುಡುಗನಿಗೆ ಕನ್ನಡ ಒತ್ತಕ್ಷರ ಬರುವುದೇ ಇಲ್ಲ ನೋಡಿ' ಎಂಬ ಮಾತನ್ನು ಮದುವೆಮನೆಗಳಲ್ಲಿ ಒಡವೆ ತೋರಿಸುವ ಧಾಟಿಯಲ್ಲಿ ಹೇಳುವುದನ್ನು ನೀವೂ ಕೇಳಿರುತ್ತೀರಿ. ಇನ್ನು ಕಚೇರಿಗಳ ಮಾತು. ಪಹಣಿಯಲ್ಲಿ, ಗುರುತಿನ ಚೀಟಿಯಲ್ಲಿ ಹೆಸರಿನ ಒಂದು ದೀರ್ಘ ಬಿಟ್ಟುಹೋದರೆ ಆ ಹೆಂಗಸು ಅಫಿಡವಿಟ್ಟು ಹಿಡಿದು ತಿಂಗಳುಗಟ್ಟಲೆ ಅಲೆಯುತ್ತಾಳೆ. ಅಲ್ಲಿ ತಪ್ಪು ಬರೆದವರನ್ನು ಯಾರಾದರೂ ನಕ್ಕದ್ದುಂಟೆ? 'ಸ್ವಾಮಿ, ದಯಮಾಡಿ ಸರಿಮಾಡಿಕೊಡಿ' ಎಂದು ಕೈಮುಗಿಯುತ್ತೇವೆ. ಒಂದೇ ತಪ್ಪು ಮೊಮ್ಮಗನಲ್ಲಿ ಮುದ್ದು, ಗುಮಾಸ್ತರಲ್ಲಿ ನಮ್ಮ ಹಣೆಬರಹ, ನೀರುಗಂಟಿಯ ಹೆಂಡತಿಯಲ್ಲಿ ಮಾತ್ರ ಹಾಸ್ಯ. ಹಾಗಿದ್ದರೆ ನಾವು ನಗುತ್ತಿರುವುದು ಅಕ್ಷರವನ್ನು ಕಂಡೋ ಆಳನ್ನು ಕಂಡೋ?

ಆಕೆಯ ತಪ್ಪುಗಳನ್ನೇ ತೆಗೆದುಕೊಳ್ಳಿ. 'ಹಿಡಿದು' ಎಂಬುದು 'ಇಡಿದು' ಆಗಿದೆ, ಯಾಕೆಂದರೆ ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಸನವೇ ಎಷ್ಟೋ ಜನರ ಬಾಯಲ್ಲಿ ಆಸನ. ಹಾಗಾದರೆ 'ಹೆಲ್ಲರು' ಹೇಗೆ ಬಂತು? ಶಾಲೆಯಲ್ಲಿ 'ಹ ಬಿಟ್ಟೆ, ಹ ಬಿಟ್ಟೆ' ಎಂದು ಬೈಸಿಕೊಂಡ ಹುಡುಗಿ, ಎಲ್ಲಿ ಬಿಟ್ಟೆನೋ ಎಂಬ ಭಯದಲ್ಲಿ ಬೇಡದ ಕಡೆಯೂ ಒಂದು ಹಾಕಿದ್ದಾಳೆ. ಅದು ಅಜ್ಞಾನಕ್ಕಿಂತ ಹೆಚ್ಚಾಗಿ ಎಚ್ಚರಿಕೆ. 'ವಿದ್ಯಾರ್ಥಿ'ಯನ್ನು 'ವಿಧ್ಯಾರ್ಥಿ' ಎಂದು ಬರೆಯುವವರೂ ಸಂಸ್ಕೃತದ ಪದಕ್ಕೆ ಮಹಾಪ್ರಾಣವಿದ್ದರೆ ಗೌರವವೆಂದು ಬಗೆದು ಒಂದು ಹೆಚ್ಚೇ ಬಡಿಸಿದವರು.

ಇನ್ನು ಫೋನಿನ ಪಾಲೂ ಇದೆ. ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ಬಳಸುವವರಿಗೆ ಗೊತ್ತು: ಸುಮ್ಮನೆ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ಒಂದು ಬೆರಳು ಸೋತರೆ ಹಳ್ಳಿ ಹೋಗಿ ಹಲ್ಲಿ ಬರುತ್ತದೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಸುವವರಿಗೆ ಯಂತ್ರವೇ ಊಹೆ ಮಾಡಿ ಪದ ಮುಂದಿಡುತ್ತದೆ. ಒಲೆಯ ಮೇಲೆ ಒಗ್ಗರಣೆ ಇಟ್ಟುಕೊಂಡು ಬರೆಯುವವಳು ಅದನ್ನೇ ಒತ್ತಿ ಕಳಿಸುತ್ತಾಳೆ.

ನಗುವವರ ಕೈಗೆ ಕೇಶಿರಾಜನನ್ನು ಕೊಡಬೇಕೆಂದು ನನಗೆ ಆಗಾಗ ಅನ್ನಿಸುತ್ತದೆ. ಹದಿಮೂರನೆಯ ಶತಮಾನದ ಆತನ 'ಶಬ್ದಮಣಿದರ್ಪಣ'ದಲ್ಲಿ ಒಂದು ಪ್ರಕರಣದ ಹೆಸರೇ ಅಪಭ್ರಂಶ ಪ್ರಕರಣ, ಅಂದರೆ ಜಾರಿಬಿದ್ದ ಪದಗಳ ಅಧ್ಯಾಯ. ನಾವು ತದ್ಭವ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿಸುವುದು ಅಂಥವನ್ನೇ. ಯಾತ್ರೆ ಜಾತ್ರೆಯಾಯಿತು. ಧ್ವನಿ ತನ್ನ ಮಹಾಪ್ರಾಣ ಬಿಟ್ಟು ದನಿಯಾಯಿತು, ಮುಖ ಮೊಗವಾಯಿತು, ಸುಖ ಸೊಗವಾಯಿತು. ಹಂಸವಂತೂ ಹಕಾರ ಕಳಚಿಟ್ಟು ಅಂಚೆಯಾಯಿತು (ಕಾಗದ ತರುವ ಅಂಚೆಯಲ್ಲ, ಕೊಳದ ಅಂಚೆ). ಹಂಸದ ಹಕಾರ ಬಿದ್ದರೆ ಎರಡು ಅಂಕದ ಪ್ರಶ್ನೆ; 'ಹಿಡಿದು'ವಿನ ಹಕಾರ ಬಿದ್ದರೆ ಹಲ್ಲುಕಿರಿಯುವ ಹಳದಿ ಮುಖ! ಆ ಹಕಾರದ ಕಥೆಯೂ ಸಣ್ಣದಲ್ಲ. ಹಳಗನ್ನಡದಲ್ಲಿ ಹಾಲು ಪಾಲ್ ಆಗಿತ್ತು, ಹಳ್ಳಿ ಪಳ್ಳಿ ಆಗಿತ್ತು, ಹೂವು ಪೂ ಆಗಿತ್ತು. ಮೊದಮೊದಲು ಹಾಲು ಎಂದವರನ್ನು ಅಂದಿನ ಪಂಡಿತರು ಹೇಗೆ ನೋಡಿದ್ದಿರಬಹುದು! ಆಱು, ಏೞು ಎಂದು ಬರೆಯುತ್ತಿದ್ದ ಎರಡು ಅಕ್ಷರಗಳನ್ನು ನಾವೆಲ್ಲ ಸೇರಿ ಬಿಟ್ಟೇಬಿಟ್ಟಿದ್ದೇವೆ. ಹಳೆಯ ಲೆಕ್ಕದಲ್ಲಿ ಆರು, ಏಳು ಎಂದು ಬರೆಯುವ ಪ್ರತಿಯೊಬ್ಬರೂ ಕಾಗುಣಿತ ಕೆಡಿಸಿದವರೇ.

ಹಾಗೆಂದು ಎಲ್ಲ ಬಿಟ್ಟುಬಿಡೋಣವೆ? ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು, ಕನ್ನಡಿಗರ ಉಚ್ಚಾರಣೆಯಲ್ಲಿಲ್ಲದ ಮಹಾಪ್ರಾಣಗಳು ಬರಹದಲ್ಲಿಯೂ ಬೇಡವೆಂದು ವಾದಿಸಿದ್ದಾರೆ. ಅವರ ವಾದ ಗಟ್ಟಿಯಾದದ್ದು, ಆದರೆ ನನ್ನ ಮನಸ್ಸು ಒಪ್ಪಿಲ್ಲ. ಹಳೆಯ ಪುಸ್ತಕ ತೆರೆದ ಮಗುವಿಗೆ ಧನವೂ ದನವೂ ಬೇರೆ ಬೇರೆ ಕಾಣಬೇಕು ಎಂಬುದು ನನ್ನ ಆಸೆ. ಔಷಧಿಯ ಹೆಸರು, ಅರ್ಜಿಯಲ್ಲಿನ ಹೆಸರು, ಪಠ್ಯಪುಸ್ತಕ, ಪತ್ರಿಕೆ, ಸರ್ಕಾರದ ಸುತ್ತೋಲೆ ಇಲ್ಲೆಲ್ಲ ಒಂದು ಕೊಂಬೂ ತಪ್ಪಬಾರದು. ಸಂಬಳ ತೆಗೆದುಕೊಂಡು ಬರೆಯುವವರು ತಪ್ಪಿದರೆ ನಾನು ಬಿಡುವುದಿಲ್ಲ. ತರಗತಿಯಲ್ಲೂ ಅಷ್ಟೆ. ಉಕ್ತಲೇಖನದ ಪುಸ್ತಕದಲ್ಲಿ ಕೆಂಪು ಮಸಿ ಓಡಲೇಬೇಕು. ಆದರೆ ಆ ಕೆಂಪು ಮಸಿ ಪುಸ್ತಕದೊಳಗೇ ಇರಬೇಕು. ತಪ್ಪುಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಯಾರದೆಂದು ಹೇಳದಿದ್ದರೆ ಮಕ್ಕಳು ತಾವೇ ಎದ್ದು ಬಂದು ತಿದ್ದುತ್ತಾರೆ. ಹೆಸರು ಹೇಳಿದಿರೋ, ಮರುದಿನ ಆ ಮಗು ಮೂರು ಸಾಲಿನ ಕಡೆ ಒಂದು ಸಾಲು ಬರೆಯುತ್ತದೆ. ಕಡಿಮೆ ಬರೆದರೆ ಕಡಿಮೆ ತಪ್ಪು, ಅಷ್ಟು ಲೆಕ್ಕ ಅದಕ್ಕೂ ಬರುತ್ತದೆ.

ತಿದ್ದುವುದು ಹೇಗೆಂದು ನೋಡಬೇಕಾದರೆ ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯಲ್ಲಿ ಬರೆಯುತ್ತಿದ್ದ 'ಇಗೋ ಕನ್ನಡ' ಅಂಕಣವನ್ನು ನೆನಪಿಸಿಕೊಳ್ಳಿ. ನಿಘಂಟುಗಳನ್ನೇ ಕಟ್ಟಿದ ಹಿರಿಯರು. 2021ರಲ್ಲಿ ತೀರಿಕೊಂಡಾಗ ಅವರಿಗೆ ನೂರೇಳು ವರ್ಷ. ಯಾವ ಊರಿನ ಯಾರು ಏನು ಕೇಳಿದರೂ, ಪದ ಎಲ್ಲಿಂದ ಬಂತು, ಯಾವುದು ಸರಿ, ಯಾವುದು ರೂಢಿ ಎಂದು ಸಮಾಧಾನವಾಗಿ ಉತ್ತರಿಸುತ್ತಿದ್ದರು. ಕೇಳಿದವರನ್ನು ಚಿಕ್ಕವರನ್ನಾಗಿ ಮಾಡಿದ ಉತ್ತರವೊಂದನ್ನೂ ನಾನು ಓದಿದ ನೆನಪಿಲ್ಲ. ಮುಖ್ಯವಾದದ್ದೆಂದರೆ, ಅವರು ತಿದ್ದುತ್ತಿದ್ದುದು ತಮ್ಮನ್ನು ಕೇಳಿದವರನ್ನು.

ಗುಂಪಿನಲ್ಲಿ ಕೇಳದವರನ್ನು ತಿದ್ದಬೇಕೆಂಬ ತುರಿಕೆ ತಡೆಯಲಾಗದಿದ್ದರೆ ಒಂದು ದಾರಿ ಇದೆ. 'ಯುಗಾದಿಯ ಶುಭಾಷಯ' ಎಂದು ಯಾರಾದರೂ ಕಳಿಸಿದರೆ 'ನಿಮಗೂ ಶುಭಾಶಯಗಳು' ಎಂದು ಸರಿಯಾಗಿ ಬರೆದು ಸುಮ್ಮನಾಗುತ್ತೇನೆ. ಕೆಲವರು ಗೌರಿ ಹಬ್ಬದ ಹೊತ್ತಿಗೆ ತಾವೇ ತಿದ್ದಿಕೊಂಡಿರುತ್ತಾರೆ. ಇನ್ನು ಕೆಲವರದು ಸಂಕ್ರಾಂತಿಗೂ ಶುಭಾಷಯವೇ. ಅಷ್ಟರಲ್ಲಿ ಅವರ ಮನೆಯ ಎಳ್ಳುಬೆಲ್ಲ ನಮ್ಮ ಮನೆಗೆ ಬಂದಿರುತ್ತದೆ.