ಕಾರಣ ಬರೆಯದ ಅಂಕ

‘ಕವಿರಾಜಮಾರ್ಗ’ದ ಕರ್ತೃ ಯಾರು ಎಂಬ ಪ್ರಶ್ನೆ ಕನ್ನಡ ಎಂ.ಎ. ತರಗತಿಗಳಲ್ಲಿ ಇಂದಿಗೂ ಜೀವಂತವಾಗಿದೆ. 1898ರಲ್ಲಿ ಗ್ರಂಥವನ್ನು ಸಂಪಾದಿಸಿ ಹೊರತಂದ ಕೆ.ಬಿ. ಪಾಠಕರು ಅದನ್ನು ರಾಷ್ಟ್ರಕೂಟ ದೊರೆ ನೃಪತುಂಗನ ಕೃತಿಯೆಂದೇ ತಿಳಿದರು. ಗ್ರಂಥದಲ್ಲೇ ಬರುವ, ನೃಪತುಂಗನಿಗೆ ಸಮ್ಮತವಾದದ್ದು ಎಂಬ ಅರ್ಥದ ಮಾತನ್ನು ಹಿಡಿದು ನಂತರದ ವಿದ್ವಾಂಸರು ಅವನ ಆಸ್ಥಾನದ ಕವಿ ಶ್ರೀವಿಜಯನ ಪರ ವಾದ ಹೂಡಿದರು. ಈಗ ಹೆಚ್ಚಿನವರ ಒಲವು ಶ್ರೀವಿಜಯನ ಕಡೆಗಿದೆ. ಮೇಷ್ಟ್ರು ತರಗತಿಯಲ್ಲಿ ಶ್ರೀವಿಜಯನೇ ಎಂದು ಹೇಳಿರುವಾಗ ವಿದ್ಯಾರ್ಥಿನಿಯೊಬ್ಬಳು ನೃಪತುಂಗನ ಪರ ಎರಡು ಪುಟ ಬರೆದಳು ಎಂದಿಟ್ಟುಕೊಳ್ಳೋಣ. ಉತ್ತರದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹತ್ತಕ್ಕೆ ನಾಲ್ಕು ಎಂದು ಬೀಳುತ್ತದೆ. ಆ ನಾಲ್ಕು ಏನನ್ನು ಹೇಳುತ್ತಿದೆ? ಆಧಾರ ಸಾಲದು ಎಂದೋ, ಮೇಷ್ಟ್ರ ಮಾತು ಮೀರಿದೆ ಎಂದೋ? ಅವಳಿಗೆ ತಿಳಿಯುವ ದಾರಿಯೇ ಇಲ್ಲ. ನಮ್ಮ ಕಾಲೇಜುಗಳು ಭಿನ್ನಾಭಿಪ್ರಾಯವನ್ನು ನಿಭಾಯಿಸುವ ರೀತಿ ಸೋಲುವುದು ಇಲ್ಲಿ, ಈ ಕಾರಣವಿಲ್ಲದ ಅಂಕದಲ್ಲಿ.

ವ್ಯವಸ್ಥೆಯೇ ಇಲ್ಲ ಎನ್ನುವಂತಿಲ್ಲ. ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆ ಹೊಸ ನಿಯಮಾವಳಿ ಹೊರಡಿಸಿದೆ. ಸಂಸ್ಥೆಯ ಸಮಿತಿ ದೂರು ಬಂದ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು, ಅವರಿಗೆ 30 ದಿನಗಳ ಗಡುವು. ಹೆಚ್ಚುವರಿ ಶುಲ್ಕ, ಹಿಂದಿರುಗಿಸದ ಮೂಲ ದಾಖಲೆ, ತಾರತಮ್ಯ ಇಂಥ ವಿಷಯಗಳಿಗೆ ಇದು ಬೇಕೇಬೇಕಾಗಿದ್ದ ಬಾಗಿಲು. ಸಮಿತಿಯಲ್ಲಿ ಮಹಿಳೆಯೊಬ್ಬರು, ಪರಿಶಿಷ್ಟ ಅಥವಾ ಹಿಂದುಳಿದ ವರ್ಗದವರೊಬ್ಬರು ಇರಲೇಬೇಕು ಎಂಬುದೂ ಸರಿಯಾದ ಹೆಜ್ಜೆ. ಆದರೆ ಅಧ್ಯಕ್ಷರೂ ಸದಸ್ಯರೂ ಅಧ್ಯಾಪಕರೇ. ವಿದ್ಯಾರ್ಥಿ ಪ್ರತಿನಿಧಿ ವಿಶೇಷ ಆಹ್ವಾನಿತ ಮಾತ್ರ, ಅದೂ ಸಂಸ್ಥೆಯೇ ಹೆಸರಿಸಿದವರು. ಕರ್ನಾಟಕದಲ್ಲಿ ಕಾಲೇಜು ಚುನಾವಣೆಗಳು ನಿಂತು ಮೂರು ದಶಕ ಕಳೆದಿರುವುದರಿಂದ ಚುನಾಯಿತ ದನಿ ಎಂಬುದೂ ಉಳಿದಿಲ್ಲ. ಇದಕ್ಕಿಂತ ದೊಡ್ಡ ಕೊರತೆಯೆಂದರೆ ನಿಯಮಾವಳಿಗೆ ದೂರು ಗೊತ್ತು, ಭಿನ್ನಾಭಿಪ್ರಾಯ ಗೊತ್ತಿಲ್ಲ. ಮೌಲ್ಯಮಾಪನದಲ್ಲಿ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸದ ಹೊರತು ಮರುಮೌಲ್ಯಮಾಪನದ ಮನವಿಯನ್ನು ಓಂಬುಡ್ಸ್‌ಪರ್ಸನ್ ಮುಟ್ಟುವಂತಿಲ್ಲ. ಅಲ್ಲಿಗೆ ಹೋಗಬೇಕಾದರೆ ವಿದ್ಯಾರ್ಥಿನಿ ತನ್ನ ಮೇಷ್ಟ್ರನ್ನು ಆರೋಪಿಯ ಜಾಗದಲ್ಲಿ ನಿಲ್ಲಿಸಬೇಕು. ಅವಳಿಗೆ ಬೇಕಾಗಿರುವುದು ಮೇಷ್ಟ್ರಿಗೆ ಶಿಕ್ಷೆಯಲ್ಲ, ತನ್ನ ವಾದಕ್ಕೊಂದು ಉತ್ತರ.

ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ ಉತ್ತರಪತ್ರಿಕೆಗೆ ಕೋಡ್ ಇರುತ್ತದೆ, ಬರೆದವರು ಯಾರೆಂದು ಮೌಲ್ಯಮಾಪಕರಿಗೆ ಗೊತ್ತಾಗದು. ತಿದ್ದಿದ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇಂಟರ್ನಲ್ಸ್ ಕಥೆ ಬೇರೆ. ವಿಟಿಯು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರರಲ್ಲಿ 50 ಅಂಕ ಕಾಲೇಜಿನೊಳಗಿನ ಮೌಲ್ಯಮಾಪನಕ್ಕೇ ಮೀಸಲು. ಅಲ್ಲಿ ಉತ್ತರ ಬರೆಯುವ ಬ್ಲೂ ಬುಕ್ ಮೇಲೆ ಹೆಸರಿರುತ್ತದೆ, ತಿದ್ದುವವರು ಪಾಠ ಮಾಡಿದವರೇ. ನಿನ್ನೆ ತರಗತಿಯಲ್ಲಿ ‘ಸರ್, ನನಗೆ ಹಾಗನ್ನಿಸುವುದಿಲ್ಲ’ ಎಂದವರ ಮುಖ ಅವರ ನೆನಪಿನಲ್ಲಿರುತ್ತದೆ. ಹೆಚ್ಚಿನ ಅಧ್ಯಾಪಕರು ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳುವವರಲ್ಲ ಎಂದೇ ನಾನು ನಂಬುತ್ತೇನೆ. ಆದರೆ ಇಟ್ಟುಕೊಂಡಿಲ್ಲ ಎಂದು ತೋರಿಸಲು ಅವರ ಬಳಿಯೂ ಏನೂ ಇಲ್ಲ. ಹಾಗಾಗಿ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕೊಡುವ ಮೊದಲ ಬುದ್ಧಿವಾದ ‘ಸುಮ್ನಿರು, ಇಂಟರ್ನಲ್ಸ್ ಅವರ ಕೈಲಿದೆ’ ಎಂದಾಗುತ್ತದೆ. ಒಂದು ವಿಭಾಗದ ಬೌದ್ಧಿಕ ಜೀವನವನ್ನು ಈ ಒಂದು ಮಾತು ಸದ್ದಿಲ್ಲದೆ ಕೊಲ್ಲಬಲ್ಲದು.

ಬ್ಲೂ ಬುಕ್ಕಿನಲ್ಲಿ ಅಂಕದ ಕೆಳಗೆ ಎರಡು ಸಾಲು ಕಾರಣ ಬರೆಯುವುದು, ಅದಕ್ಕೆ ವಿದ್ಯಾರ್ಥಿ ಲಿಖಿತ ಉತ್ತರ ಕೊಡಬಹುದಾದ ಒಂದು ವಾರ, ಒಪ್ಪದಿದ್ದರೆ ಹೆಸರು ಮುಚ್ಚಿ ವಿಭಾಗದ ಮತ್ತೊಬ್ಬ ಅಧ್ಯಾಪಕರ ಓದು. ನಾನು ಕೇಳುತ್ತಿರುವುದು ಇಷ್ಟೇ. ಇದಕ್ಕೆ ಬರುವ ಮೊದಲ ಆಕ್ಷೇಪ ಹೊರೆಯದು, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ತರಗತಿಗೆ ಅರವತ್ತು, ಎಪ್ಪತ್ತು ಮಂದಿ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ತಿಳಿಯದವರಿಂದ ಎದುರು ವಾದವನ್ನು ನೆಮ್ಮದಿಯಾಗಿ ಕೇಳುವ ತಾಳ್ಮೆ ನಿರೀಕ್ಷಿಸುವುದು ಅನ್ಯಾಯ. ಅವರ ಭದ್ರತೆಯೂ ಈ ಪ್ರಶ್ನೆಯ ಭಾಗವೇ. ಆದರೆ ಎಲ್ಲ ಉತ್ತರಕ್ಕೂ ಟಿಪ್ಪಣಿ ಬೇಕಿಲ್ಲ. ನಿಲುವು ಕೇಳುವ ಪ್ರಶ್ನೆ ಪತ್ರಿಕೆಗೊಂದೋ ಎರಡೋ ಇರುತ್ತದೆ, ಅಲ್ಲಿ ಬರೆದರೆ ಸಾಕು. ಎಲ್ಲರೂ ಅಂಕಕ್ಕಾಗಿ ಜಗಳಕ್ಕೆ ಬರುತ್ತಾರೆ ಎಂಬ ಭಯಕ್ಕೂ ಅರ್ಥವಿದೆ. ಆದರೆ ಕಾರಣ ಗೊತ್ತಿಲ್ಲದಾಗ ನಡೆಯುವುದು ಚೌಕಾಸಿ; ಕಾರಣ ಕಣ್ಣೆದುರಿದ್ದರೆ ಅದಕ್ಕೆ ಪ್ರತಿಕಾರಣ ಹುಡುಕಬೇಕು, ಹುಡುಕಲು ಓದಬೇಕು.

ಗುರುವಿಗೆ ಎದುರಾಡುವುದು ನಮ್ಮ ಸಂಸ್ಕೃತಿಯಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಎದುರಾಳಿಯ ಮಾತನ್ನು ಅವನಿಗೇ ಒಪ್ಪಿಗೆಯಾಗುವಂತೆ ಪೂರ್ವಪಕ್ಷವಾಗಿ ಮಂಡಿಸಿ, ಆಮೇಲೆ ಸಿದ್ಧಾಂತ ಹೇಳುವುದು ನಮ್ಮ ಶಾಸ್ತ್ರಗಳ ಕ್ರಮ. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮ ಅಕ್ಕಮಹಾದೇವಿಯನ್ನು ಮೆತ್ತಗೆ ಬಿಡುವುದಿಲ್ಲ, ಆಕೆಯೂ ತಲೆ ತಗ್ಗಿಸಿ ಸುಮ್ಮನಾಗುವುದಿಲ್ಲ, ಆ ಉತ್ತರಗಳಿಂದಲೇ ಆಕೆಗೆ ಮನ್ನಣೆ ಸಿಗುತ್ತದೆ. ಪರರ ವಿಚಾರವನ್ನು ಸೈರಿಸುವುದನ್ನು ಸಂಪತ್ತೆಂದು ಕರೆದದ್ದೂ ಇದೇ ‘ಕವಿರಾಜಮಾರ್ಗ’. ಆ ಗ್ರಂಥವನ್ನು ಪಾಠ ಮಾಡುವವರಲ್ಲಿ ನನ್ನದೊಂದು ಬಿನ್ನಹ: ಈ ಸೆಮಿಸ್ಟರ್‌ನ ಬ್ಲೂ ಬುಕ್ಕುಗಳಲ್ಲಿ ನಿಮ್ಮ ಮಾತನ್ನು ಒಪ್ಪದ ಉತ್ತರ ಸಿಕ್ಕಾಗ, ಅಂಕ ಹಾಕುವ ಮೊದಲು ಎರಡು ಸಾಲು ಬರೆಯಿರಿ.